ಮದ್ದೂರಿನ ಲೇಬಲ್

"ಇಡೀರ್ಲಾ ಅವನ್ನ!"

ಬೈಕಿಗೆ ಕಿಕ್ ಹೊಡೆದೆ. ಸ್ಟಾರ್ಟ್ ಆಗಲಿಲ್ಲ... ಇನ್ನೊಂದು ಕಿಕ್. ಹಿಂದೆ ಜೀಪು ಗೇಟು ದಾಟಿತ್ತು!

ಸ್ಟಾರ್ಟ್ ಆಯಿತು. ಬೆಸಗರಹಳ್ಳಿ ರಸ್ತೆಗೆ ನುಗ್ಗಿದೆ.

ನಾನು ರಾಜೇಂದ್ರ. ಮಂಡ್ಯದ ಗುತ್ತಲಿನಲ್ಲಿ ಮನೆ. ಕಂಪನಿಗಳ ಗುಟ್ಟು ಕೆದಕೋದು ಕೆಲಸ. ಈ ಸಲ ಕರೆಸಿದ್ದು ಒಂದು ಹೊರದೇಶದ ಕಸ್ಟಮ್ಸ್ ಪರ ತನಿಖೆ ಮಾಡೋ ಏಜೆನ್ಸಿ. ಆ ದೇಶಕ್ಕೂ ನಮಗೂ ವ್ಯಾಪಾರ ಒಪ್ಪಂದ ಇದೆ. ಇಲ್ಲಿ ಹೊಲಿದ ಶರ್ಟಿಗೆ ಅಲ್ಲಿ ಸುಂಕ ಇಲ್ಲ. ಆದರೆ ಮದ್ದೂರಿನ ಈ ಗಾರ್ಮೆಂಟ್ಸ್ ಮಾಲೀಕ, ಹೊಲಿಗೆಯನ್ನೇ ಕೂಲಿ ಕಮ್ಮಿಯಿರೋ ಮೂರನೇ ದೇಶಕ್ಕೆ ಸಾಗಿಸಿಬಿಟ್ಟಿದ್ದ. ಇಲ್ಲಿ ಉಳಿದಿದ್ದು ಒಂದೇ ಕೆಲಸ... ಅಲ್ಲಿಂದ ಬಂದ ಶರ್ಟಿನ ಲೇಬಲ್ ಕಿತ್ತು 'ಮೇಡ್ ಇನ್ ಇಂಡಿಯಾ' ಹಚ್ಚೋದು!

ಮಧ್ಯಾಹ್ನ ಗೋಡೌನಿಗೆ ನುಸುಳಿ, ಬಾಕ್ಸುಗಳ ಹಿಂದೆ ಕೂತು ವಿಡಿಯೋ ತೆಗೀತಿದ್ದೆ.

ಆಗ ನಯನ ಬಂದಳು.

ಅಲ್ಲೇ ನಿಂತಿದ್ದ ಮ್ಯಾನೇಜರ್ ಜಯಪ್ರಕಾಶನ ಹೆಂಡತಿ. ಅವಳನ್ನ ಮೊದಲು ಮದುವೆಗೆ ಕೇಳಿದ್ದು ನಾನು... ಅವಳು ಒಪ್ಪಿದ್ದು ಅವನನ್ನ.

"ರೀ, ಊಟ ಆರೋಯ್ತದೆ, ಬನ್ನಿ" ಅಂತ ಸೆರಗಲ್ಲಿ ಅವನ ಹಣೆ ಒರೆಸಿದಳು.

ಕ್ಯಾಮೆರಾ ಲೇಬಲ್ ಬಿಟ್ಟು ಅವಳ ಕಡೆ ತಿರುಗಿತು. ಮೊಣಕೈ ತಗುಲಿ ಬಾಕ್ಸು ಉರುಳಿತು. ಸಿಕ್ಕಿಬಿದ್ದೆ... ಎದ್ದು ಓಡಿದೆ.

ಈಗ ಜೀಪು ಹಿಂದಿನಿಂದ ಗುದ್ದಿತು. ಬೈಕ್ ಸಮೇತ ಕಬ್ಬಿನ ಗದ್ದೆಗೆ ಬಿದ್ದೆ.

ಜಯಪ್ರಕಾಶ ಇಳಿದು ಬಂದ. ಕೈಯಲ್ಲಿ ಕಬ್ಬಿಣದ ರಾಡು.

"ಮೊಬೈಲ್ ಕೊಡ್ಲಾ."

"ಬಿದ್ದಲ್ಲಿಂದಲೇ ವಿಡಿಯೋ ಕಳಿಸ್ಬುಟ್ಟೆ ಕಣ್ಲಾ."

ರಾಡು ಮೇಲೆದ್ದಿತು. ಹಾಗೇ ಇಳಿಯಿತು. ಅವನು ನಕ್ಕ.

"ನಿಂಗೆ ಉರೀತಿರೋದು ಸರ್ಟಿಗಲ್ಲ, ನಯನಂಗೆ. ಅವ್ಳು ನಿನ್ ಹೆಸ್ರೂ ಎತ್ತಲ್ಲ ಕಣ್ಲಾ."

ರಾಡಿನೇಟೇ ವಾಸಿಯಿತ್ತು!

ಮರುದಿನ ಏಜೆನ್ಸಿಯ ಸೌಮ್ಯ ಮೇಡಂ ಫೋನು.

"ಲೇಬಲ್ ಚೆನ್ನಾಗಿ ಕಾಣ್ತಿದೆ. ಆದ್ರೆ ಅರ್ಧ ವಿಡಿಯೋ ಯಾರೋ ಹೆಂಗಸೇ ಇದಾರಲ್ರೀ, ಯಾರದು?"

"ಸಾಕ್ಷಿ, ಮೇಡಂ."

ತಿಂಗಳಾದ ಮೇಲೆ ವಿದೇಶಿ ಅಧಿಕಾರಿಗಳು ತಪಾಸಣೆಗೆ ಬರೋ ಹೊತ್ತಿಗೆ ಫ್ಯಾಕ್ಟರಿಗೆ ಬೀಗ! ಒಳಗೆ ಒಂದು ದಾರವೂ ಇಲ್ಲ. ಮಳವಳ್ಳಿ ಕಡೆಯ ಪೂರಿಗಾಲಿಯಿಂದ ಲೇಬಲ್ ಹಚ್ಚೋಕೆ ಬರ್ತಿದ್ದ ಮಂಗಳಮ್ಮ ಗೇಟಲ್ಲಿ ನಿಂತು ಬೈತಿದ್ದಳು.

"ಯಾವನಪ್ಪ ಕಂಪ್ಲೇಂಟ್ ಕೊಟ್ಟೋನು? ಅವನ ಮನೆ ಆಳಾಗ!"

ನಾನು ಹೆಲ್ಮೆಟ್ ತೆಗೆಯಲಿಲ್ಲ.

ಸಂಜೆ ಸೌಮ್ಯ ಮತ್ತೆ ಫೋನ್ ಮಾಡಿದರು.

"ಮಾಲೀಕ ಹೆಸರು ಬದಲಾಯಿಸಿ ಆ ಮೂರನೇ ದೇಶದಲ್ಲೇ ಹೊಸ ಕಂಪನಿ ಮಾಡಿದಾನೆ. ನಮ್ಮ ಒಪ್ಪಂದ ಅಲ್ಲಿಗೆ ಮುಟ್ಟಲ್ಲ. ಕೇಸ್ ಕ್ಲೋಸ್."

"ಜಯಪ್ರಕಾಶ?"

"ಅಲ್ಲಿ ಜನರಲ್ ಮ್ಯಾನೇಜರ್! ಸಮುದ್ರದ ಪಕ್ಕ ಮನೆಯಂತೆ. ಹೆಂಡತೀನೂ ಹೋದ್ರು."

ಅವನಿಗೆ ಪ್ರಮೋಷನ್ ಕೊಡಿಸಿದ್ದು ನಾನು... ಅವಳಿಗೆ ಸಮುದ್ರ ತೋರಿಸಿದ್ದೂ ನಾನೇ!