ಗಾಜಿನ ಗೂಡಿನ ನೊಣಗಳು

ಗಾಜಿನ ಗೂಡಿನಲ್ಲಿದ್ದ ನೊಣಗಳೆಲ್ಲ ಸತ್ತು ಬಿದ್ದಿದ್ದವು. ಸಾಸಿವೆಯಷ್ಟೂ ಇಲ್ಲದ ಕಪ್ಪು ನೊಣಗಳು. ನಿಂಬೆ ಗಿಡದ ರಸ ಹೀರುವ ಶಲ್ಕಕೀಟಗಳ ಮೈಯೊಳಗೆ ಮೊಟ್ಟೆಯಿಟ್ಟು ಅವುಗಳ ಕಥೆ ಮುಗಿಸುವ ಜಾತಿ. ದೊಡ್ಡಪ್ಪ ವರ್ಷಗಟ್ಟಲೆ ಸಾಕಿದ್ದರು. ಅವನ್ನು ಕೊಂಡೊಯ್ಯಲು ಸುತ್ತಲಿನ ನಿಂಬೆ ತೋಟಗಳ ಮಾಲೀಕರು ಸಂಜೆ ಬರುವವರಿದ್ದರು.

"ಪಂಪಣ್ಣನದೇ ಕೆಲಸ!" ದೊಡ್ಡಪ್ಪ ಕೂರಲಾರದೆ ಕೋಣೆ ಸುತ್ತುತ್ತಿದ್ದರು. "ನಾನು ಊರಲ್ಲಿಲ್ಲದಾಗ ಔಷಧಿ ಹೊಡೆದಿದಾನೆ. ತೋಟಕ್ಕೆ ನೊಣ ಬಂದ್ರೆ ಅವನ ಪಂಪು ಮೂಲೆ ಸೇರತ್ತಲ್ಲ!"

ದೊಡ್ಡಪ್ಪನ ತೋಟಕ್ಕೆ ಔಷಧಿ ಸಿಂಪಡಿಸುವ ಆಳು ಪಂಪಣ್ಣ ಬಾಗಿಲಲ್ಲೇ ನಿಂತಿದ್ದ. ಗಂಟುಮೂಟೆ ಕಟ್ಟು ಎಂದು ಅವನಿಗೆ ಆಗಲೇ ಹೇಳಿಯಾಗಿತ್ತು.

ನನ್ನ ಅಕ್ಕ ವಿಮಾ ಕಂಪನಿಯ ತನಿಖಾಧಿಕಾರಿ. ರಜೆಗೆ ಬಂದರೂ ಸುಮ್ಮನಿರುವ ಜೀವವಲ್ಲ.

"ಗೂಡಿನ ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರ," ಎಂದರು ದೊಡ್ಡಮ್ಮ, ಮೇಜು ಒರೆಸುತ್ತಲೇ. "ನೀರು ಹಾಕೋಕೆ ಪಂಪಣ್ಣಂಗೆ ಕೊಡ್ತಿದ್ದೆ."

"ನೀರು ಬಿಟ್ರೆ ಇನ್ನೇನೂ ಮುಟ್ಟಿಲ್ಲ ಅಕ್ಕಾ," ಎಂದ ಪಂಪಣ್ಣ.

ಅಕ್ಕ ಗೂಡಿನೊಳಗೆ ಕೈ ಹಾಕಿ, ಅಲ್ಲಿದ್ದ ನಿಂಬೆ ಗಿಡದ ಒಂದು ಎಲೆ ಸವರಿದಳು.

"ದೊಡ್ಡಪ್ಪ, ಇದರ ಮೇಲಿನ ಶಲ್ಕಕೀಟಗಳು ಬದುಕಿವೆಯಾ?"

ದೊಡ್ಡಪ್ಪ ಭೂತಗನ್ನಡಿ ಹಿಡಿದರು. "ಬದುಕಿವೆ..."

"ಔಷಧಿ ಹೊಡೆದಿದ್ರೆ ಅವೂ ಸಾಯ್ಬೇಕಿತ್ತಲ್ವಾ? ಬೆಳೆದ ನೊಣ ಏನು ತಿನ್ನತ್ತೆ?"

"ಶಲ್ಕಕೀಟ ಎಲೆ ಮೇಲೆ ಬಿಡೋ ಸಿಹಿ ಅಂಟು. ಈ ಗೂಡಲ್ಲಿ ಬೇರೆ ಏನಿದೆ?"

"ಅದೂ ಇಲ್ಲ. ಮುಟ್ಟಿ ನೋಡಿ. ಎಲೆ ಹೊಳೀತಿದೆ, ಬೆರಳು ಅಂಟ್ತಿಲ್ಲ — ಎಲ್ಲರೂ ಸತ್ತ ನೊಣ ನೋಡಿದ್ರಿ, ಎಲೆ ನೋಡಲಿಲ್ಲ. ಇವು ವಿಷದಿಂದ ಸತ್ತಿಲ್ಲ, ಹಸಿವಿನಿಂದ ಸತ್ತಿವೆ. ಈ ಮನೇಲಿ ಕಂಡಿದ್ದನ್ನೆಲ್ಲ ಒರೆಸೋರು ಯಾರು?"

ದೊಡ್ಡಮ್ಮನ ಕೈ ನಿಂತಿತು.

"ಆ ಎಲೆನೂ ಹೊತ್ತುಹೊತ್ತಿಗೂ ಒರೆಸ್ತಿದ್ದೆ," ಎಂದರು. "ದಿನಾ ನಿಮ್ಮ ಹುಳದ ಕೋಣೆ ಅಂತ ಬೈತಿದ್ದವಳು ನಾನೇ. ಒಂದ್ಸಲನಾದ್ರೂ ಬಂದವರು ನಿಮ್ಮನ್ನ ಹೊಗಳಲಿ ಅಂತ... ನೀವು ಕೂಗಾಡಿದ್ದು ನೋಡಿ ಹೇಳೋಕೆ ಬಾಯೇ ಬರಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ದೊಡ್ಡಪ್ಪ ಮತ್ತೆ ಭೂತಗನ್ನಡಿಗೆ ಬಗ್ಗಿದರು. "ಕೀಟದ ಹೊಟ್ಟೇಲಿ ಮರಿಗಳಿವೆ. ಇವು ನೊಣ ಆಗ್ತವೆ. ಮಾಲೀಕರಿಗೆ ಕಾಯೋಕೆ ಹೇಳಿದ್ರಾಯ್ತು."

"ಪಂಪಣ್ಣಂಗೆ?" ಎಂದಳು ಅಕ್ಕ.

ಬಾಗಿಲು ಖಾಲಿಯಿತ್ತು. ದೊಡ್ಡಪ್ಪ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು. ಅವರಿಗಿಂತ ಮುಂದೆ ದೊಡ್ಡಮ್ಮ ಓಡುತ್ತಿದ್ದರು.