ಆರು ಗಂಟೆಗೆ ತೆರೆಯುವ ಗೇಟು

“ಸಾಹೇಬ್ರೇ, ನೀವು ಬೇರೆ ಏನ್ ಬೇಕಾದ್ರೂ ಬದಲಾಯಿಸ್ಕೊಳ್ಳಿ. ಆರು ಗಂಟೆಗೆ ಈ ಸಣ್ಣ ಗೇಟು ತೆಗೆಯೋದನ್ನ ಮಾತ್ರ ನಿಲ್ಲಿಸ್ಬೇಡಿ. ಕೈ ಮುಗೀತೀನಿ,” ಎಂದ ಗೇಟ್ ತಾತ.

ಹೊಸ ಭದ್ರತಾ ಅಧಿಕಾರಿ ಮೂಗು ಮುರಿದ. ಬಂದು ಎಂಟು ದಿನವಾಗಿತ್ತಷ್ಟೇ. ಎರಡು ತಿಂಗಳಲ್ಲಿ ಮೂರು ಮನೆಗಳ ಬೀಗ ಮುರಿದಿದ್ದರಿಂದ ಬಡಾವಣೆಯ ಸಂಘದವರು ಅವನನ್ನು ಹುಡುಕಿ ಕರೆತಂದಿದ್ದರು. ಇರಲು ಒಳಗೇ ಒಂದು ಮನೆ ಕೊಟ್ಟಿದ್ದರು. ನೂರಾನಲವತ್ತು ಮನೆ, ಹತ್ತಡಿ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ, ಅರವತ್ತನಾಲ್ಕು ಕ್ಯಾಮೆರಾ. ಇಷ್ಟೆಲ್ಲ ಇಟ್ಟುಕೊಂಡು ದಿನವೂ ಸಂಜೆ ಆರಕ್ಕೆ ಒಬ್ಬ ಮುದುಕ ಸಣ್ಣ ಗೇಟನ್ನು ಹಾರುಹೊಡೆದು, ರಸ್ತೆಗೆ ಮುಖ ಮಾಡಿ, “ಹೋಗಮ್ಮ, ನಿನ್ನ ತಪ್ಪೇನಿಲ್ಲ, ನಿನ್ನನ್ನ ತಡೆಯೋರಿಲ್ಲ” ಎನ್ನುತ್ತಾನಂತೆ! ಮೂರು ನಿಮಿಷ ಕಾವಲಿಲ್ಲದ ಗೇಟು. ಕಳ್ಳರಿಗೆ ಇನ್ನೇನು ಬೇಕು?

“ಯಾರಿಗೆ ಹೇಳ್ತೀಯ ಅದನ್ನ?”

ತಾತ ಸುತ್ತ ನೋಡಿ ದನಿ ತಗ್ಗಿಸಿದ. ಹನ್ನೆರಡು ವರ್ಷದ ಹಿಂದೆ ಮನೆಗೆಲಸಕ್ಕೆ ಬರುತ್ತಿದ್ದ ಒಬ್ಬ ಹಸಿ ಬಾಣಂತಿಯ ಕತೆ ಅದು. ಯಾರದೋ ಸರ ಕಾಣೆಯಾಯಿತು. ಅವಳ ಚೀಲ ಜಾಲಾಡಿದರು, ಸಿಗಲಿಲ್ಲ. ಆದರೂ ಬಿಡದೆ ಸಣ್ಣ ಗೇಟಿನ ಪಕ್ಕದ ಕಾವಲು ಕೋಣೆಯಲ್ಲಿ ಬೆಳಗಿನಿಂದ ಕೂರಿಸಿದರು. ಮನೆಯಲ್ಲಿ ಕೂಸು ಒಂದೇ ಇದೆ, ಹಾಲು ಕುಡಿಸಿ ಬಂದುಬಿಡುತ್ತೇನೆ ಎಂದು ಅವಳು ಕಂಡಕಂಡವರ ಕಾಲು ಹಿಡಿದಳು. ವರ್ಷಗಟ್ಟಲೆ ಅವಳ ಕೈಯಲ್ಲಿ ಪಾತ್ರೆ ತೊಳೆಸಿಕೊಂಡವರೆಲ್ಲ ಬಂದರು, ನೋಡಿದರು, ಹೋದರು. ಇವಳು ಅಂಥವಳಲ್ಲ ಎಂಬ ಒಂದು ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ. ಸಂಜೆ ಆರಕ್ಕೆ ಸರ ವಾಷಿಂಗ್ ಮೆಷಿನ್ನಿನ ಹಿಂದೆ ಸಿಕ್ಕಿತು. ಅವಳು ಓಡಿ ಮನೆ ಮುಟ್ಟುವಷ್ಟರಲ್ಲಿ ಬೀದಿದೀಪ ಹತ್ತಿತ್ತು, ಕೂಸು ತಣ್ಣಗಾಗಿತ್ತು.

“ಮೂರನೇ ದಿನ ಬಂದ್ಲು. ಹಾಲು ಸೋರಿ ನೆಂದಿದ್ದ ಅದೇ ರವಿಕೆ ಹರಿದು ಬೊಂಬೆ ಮಾಡ್ಕೊಂಡಿದ್ಲು. ಒಳಗೆ ಕೂಸಿನ ಕೂದಲು, ಎದೆಗೆ ಮೊಳೆ. ಈ ಹೊಸ್ತಿಲ ಕೆಳಗೆ ಹೂತ್ಲು. ‘ನನ್ನನ್ನ ಯಾರೂ ಗುರುತಿಸ್ಲಿಲ್ಲ. ಇಲ್ಲಿ ತಡೆಸ್ಕೊಂಡವ್ರನ್ನ ಹೆತ್ತವರೂ, ತಡೆದವ್ರನ್ನ ಹೆತ್ತ ಮಕ್ಕಳೂ ಗುರುತಿಸ್ಬಾರ್ದು’ ಅಂದ್ಲು. ಅವತ್ತೇ ಪ್ರಾಣ ಬಿಟ್ಲು. ದಿನಾ ಬಿಟ್ಟು ಕಳಿಸಿದ್ರೆ ಸುಮ್ನಿರ್ತಾಳೆ. ಇಲ್ದಿದ್ರೆ...”

“ಇಷ್ಟೆಲ್ಲ ನಿಂಗೆ ಹೇಗ್ ಗೊತ್ತು?”

“ಅವಳ ಚೀಲ ಜಾಲಾಡಿದ್ದೇ ನಾನು ಸಾಹೇಬ್ರೇ.”

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ಬೆಳಿಗ್ಗೆಯೇ ವೆಲ್ಡಿಂಗಿನವನನ್ನು ಕರೆಸಿದ. ಗೇಟಿನ ಕಂಬ ಭದ್ರ ಮಾಡಲೆಂದು ಹೊಸ್ತಿಲು ಅಗೆದಾಗ ಬೊಂಬೆ ನಿಜಕ್ಕೂ ಸಿಕ್ಕಿತು. ಅಂಗೈಯಷ್ಟು, ಕಪ್ಪಗೆ, ಮೊಳೆ ತುಕ್ಕು ಹಿಡಿದಿತ್ತು. ಬಟ್ಟೆ ಮಾತ್ರ ಇನ್ನೂ ಒದ್ದೆ. ಹುಳಿತ ಹಾಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಗಾಡಿಗೆ ಎಸೆದ.

“ನಿಮ್ಮ ಅಮ್ಮನೋರನ್ನ ಗಾಡೀಲೇ ಕಳಿಸಿದ್ದೀನಿ ತಾತ. ಇನ್ನು ಗೇಟು ತೆಗೆಯೋ ತೊಂದ್ರೆನೂ ತಪ್ತು.”

ಕಾವಲಿನ ಹುಡುಗರು ನಕ್ಕರು. ತಾತ ನಗಲಿಲ್ಲ. ಕಿಡಿ ಹಾರಿಸುತ್ತ ಸಣ್ಣ ಗೇಟಿಗೆ ನಾಲ್ಕು ಕಡೆ ಬೆಸುಗೆ ಬಿತ್ತು.

ಅಧಿಕಾರಿಯ ಜೀವವೆಲ್ಲ ಇದ್ದದ್ದು ಒಂಬತ್ತು ವರ್ಷದ ಮಗಳಲ್ಲಿ. ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಚಿತ್ರಕಲೆಯ ಕ್ಲಾಸು ಮುಗಿಸಿ ವ್ಯಾನಿನಲ್ಲಿ ಬಂದಿಳಿದು, ಕಾವಲು ಕೋಣೆಗೆ ನುಗ್ಗಿ ಅಪ್ಪನ ಟೋಪಿ ಎಳೆದು ಓಡುವುದು ಅವಳ ದಿನದ ಕೆಲಸ. ಅಂದು ಆರಾಯಿತು, ಬರಲಿಲ್ಲ.

ಬದಲಿಗೆ ಹುಳಿತ ಹಾಲಿನ ವಾಸನೆ ಬಂತು.

ದೊಡ್ಡ ಗೇಟಿನಲ್ಲಿ ಮುಖ ಗುರುತಿಸುವ ಯಂತ್ರ ಕೀಂ ಎಂದು ಕೂಗಿ ಕೆಂಪು ದೀಪ ತೋರಿಸಿತು. ಕಾವಲಿನವನೊಬ್ಬ ಹುಡುಗಿಯೊಬ್ಬಳ ರಟ್ಟೆ ಹಿಡಿದು ಒಳಗೆ ತಂದ. “ಸರ್, ಯಾರೋ ಗೊತ್ತಿಲ್ಲ. ನಮ್ಮ ಗುಬ್ಬಿ ಚೀಲ ಹಾಕ್ಕೊಂಡಿದಾಳೆ ನೋಡಿ.”

ಅಧಿಕಾರಿ ನೋಡಿದ. ಎಂದೂ ಕಾಣದ ಮುಖ. ಚಪ್ಪಟೆ ಮೂಗು, ಗುಳಿಬಿದ್ದ ಕಣ್ಣು. ಆದರೆ ಚೀಲ ಗುಬ್ಬಿಯದು. ಅಂಗಿ ಗುಬ್ಬಿಯದು. ಬೆಳಿಗ್ಗೆ ತಾನೇ ಲೇಸು ಕಟ್ಟಿದ ಬೂಟು.

“ಅಪ್ಪಾ,” ಎಂದಳು ಹುಡುಗಿ.

ಅವನಿಗೆ ಹೊಳೆದದ್ದು ಒಂದೇ. ಮಗಳನ್ನು ಯಾರೋ ಹೊತ್ತೊಯ್ದಿದ್ದಾರೆ. ಬಟ್ಟೆ ಬಿಚ್ಚಿ ಇವಳಿಗೆ ತೊಡಿಸಿದ್ದಾರೆ. ಹೀಗನ್ನು ಎಂದು ಹೇಳಿಕೊಟ್ಟು ಕಳಿಸಿದ್ದಾರೆ. ಹೆಂಡತಿಗೆ ಫೋನು ಮಾಡಿದ. ಗುಬ್ಬಿ ಮನೆಗೆ ಬಂದಿಲ್ಲ. ವ್ಯಾನಿನವನಿಗೆ ಮಾಡಿದ, ಗೇಟಿನಲ್ಲೇ ಇಳಿಸಿದೆ ಸಾರ್ ಎಂದ. ಅವನಿಗೆ ಹುಚ್ಚು ಹಿಡಿದಂತಾಯಿತು.

“ನನ್ನ ಮಗಳೆಲ್ಲಿ? ಹೇಳೇ! ಯಾರು ಕಳಿಸಿದ್ದು ನಿನ್ನ?”

ಹುಡುಗಿ ಬಾಯಿ ತೆರೆದಳು. ಮಾತು ಬರಲಿಲ್ಲ. ಹಸಿದ ಎಳೆಕೂಸಿನ ಅಳು ಬಂತು. ಒಂಬತ್ತು ವರ್ಷದ ಗಂಟಲಲ್ಲಿ ತಿಂಗಳ ಕೂಸಿನ ದನಿ. ಕಾವಲಿನ ಹುಡುಗರು ಹೊರಗೆ ಓಡಿದರು. ಅವನು ಓಡಲಿಲ್ಲ. ಬಾಗಿಲು ಹಾಕಿಕೊಂಡ. ಅವಳ ಭುಜ ಹಿಡಿದು ಅಲುಗಾಡಿಸಿದ. ಭುಜ ತಣ್ಣಗಿತ್ತು. ಉಗುರುಗಳು ನೀಲಿಯಾಗುತ್ತಿದ್ದವು. ತುಟಿಯ ಅಂಚಿನಲ್ಲಿ ಬಿಳಿ ಹಾಲು.

ತಾತ ಬಾಗಿಲು ಬಡಿದ. “ಸಾಹೇಬ್ರೇ, ಬಿಟ್ಬಿಡಿ ಆ ಮಗೂನ!”

“ಬಿಡೋದಾ? ನನ್ನ ಮಗಳೆಲ್ಲಿದ್ದಾಳೆ ಅಂತ ಇವಳೊಬ್ಬಳಿಗೇ ಗೊತ್ತಿರೋದು!”

“ಅದು ಯಾರ ಮಗು ಅಂತ ನಂಗೂ ಕಾಣ್ತಿಲ್ಲ. ಅವತ್ತೂ ಯಾರಿಗೂ ಕಾಣ್ಲಿಲ್ಲ! ಬೀದಿದೀಪ ಹತ್ತೋದ್ರೊಳಗೆ ಹೊರಗೆ ಬಿಡಿ, ಇಲ್ದಿದ್ರೆ ಅದು ಉಳಿಯಲ್ಲ!”

ಕೋಣೆ ಕತ್ತಲಾಗುತ್ತಿತ್ತು. ಗೋಡೆಗಳು ಒಸರುತ್ತಿದ್ದವು, ಕೈಯಿಟ್ಟರೆ ಅಂಟು. ಮೂಲೆಯ ಬೆಂಚಿನ ಮೇಲೆ ಯಾರೋ ಕೂತು ಮುಂದಕ್ಕೆ ಹಿಂದಕ್ಕೆ ತೂಗುತ್ತಿದ್ದಂತಿತ್ತು. ಅವನು ಆ ಕಡೆ ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಈ ಹುಡುಗಿಯನ್ನು ಬಿಟ್ಟರೆ ಗುಬ್ಬಿ ಹೋದಳು. ಬಿಡದಿದ್ದರೆ ಕಣ್ಣೆದುರಿಗೇ ಯಾರದೋ ಮಗು ಸಾಯುತ್ತದೆ. ಅಳು ಸಣ್ಣಗಾಗುತ್ತಿತ್ತು. ಅವನು ಗೋಡೆಗೆ ತಲೆ ಚಚ್ಚಿಕೊಂಡ. ದೇವರೇ ಎಂದ. ಗುಬ್ಬೀ ಎಂದ.

ಅಳು ನಿಂತೇ ಹೋಯಿತು.

ಅವನು ಹುಡುಗಿಯನ್ನು ಎತ್ತಿಕೊಂಡ. ಬಾಗಿಲು ಒದ್ದ. ದೊಡ್ಡ ಗೇಟಿನ ಗುಂಡಿ ಒತ್ತಿದರೆ ಮೋಟಾರು ಗುರ್ ಎಂದಿತು, ಗೇಟು ಅಲ್ಲಾಡಲಿಲ್ಲ. ಸಣ್ಣ ಗೇಟಿನತ್ತ ಓಡಿದ. ಬೆಸುಗೆ. ತಾನೇ ಹಾಕಿಸಿದ ಬೆಸುಗೆ. ತಾತ ಹಾರೆ ತಂದ. ಅವನು ಹುಡುಗಿಯನ್ನು ನೆಲಕ್ಕಿಳಿಸಿ ಅದನ್ನು ಕಸಿದುಕೊಂಡ. ಒಂದು ಏಟು. ಇನ್ನೊಂದು. ಒಂದು ಬೆಸುಗೆ ಬಿಟ್ಟಿತು. ಹಾರೆ ಜಾರಿತು. ಅಂಗೈ ಸೀಳಿತು. ಎರಡು. ಮೂರು. ರಸ್ತೆಯ ಆ ತುದಿಯಲ್ಲಿ ದೀಪ ಹತ್ತಿತು. ಒಂದೊಂದೇ ಕಂಬ ಹತ್ತುತ್ತ ಈ ಕಡೆಗೇ ಬರುತ್ತಿತ್ತು. ನಾಲ್ಕನೆಯದು ಬಿಡಲಿಲ್ಲ. ಭುಜ ಕೊಟ್ಟು ಗುದ್ದಿದ. ಮೂಳೆ ಲಟಕ್ಕೆಂದಿತು. ಗೇಟು ತೆರೆಯಿತು.

“ಹೋಗಮ್ಮ!” ಎಂದು ಕಿರುಚಿದ. “ನಿನ್ನ ತಪ್ಪೇನಿಲ್ಲ! ನಿನ್ನನ್ನ ತಡೆಯೋರಿಲ್ಲ!”

ಒದ್ದೆ ಸೆರಗೊಂದು ಅವನ ಮುಖಕ್ಕೆ ಸವರಿ ದಾಟಿಹೋಯಿತು. ಅವನು ಹುಡುಗಿಯನ್ನು ಹೊಸ್ತಿಲಾಚೆ ಮಲಗಿಸಿದ. ಗೇಟಿನ ಮೇಲಿನ ದೀಪ ಹತ್ತಿತು.

ಹುಡುಗಿ ಕೆಮ್ಮಿದಳು. ಉಸಿರೆಳೆದುಕೊಂಡಳು. ಬೆಳಕಿನಲ್ಲಿ ಆ ಮುಖ ಕಂಡಿತು. ಗುಬ್ಬಿ. ಅವನ ಗುಬ್ಬಿ. ಅವನು ಬಾಯಿಬಿಟ್ಟು ಅತ್ತ. ಮುರಿದ ಭುಜ ಮರೆತು ಎರಡೂ ತೋಳು ಚಾಚಿದ.

ಅವಳು ಬೆದರಿ ಹಿಂದೆ ಸರಿದಳು. ಚೀಲವನ್ನು ಎದೆಗೆ ಅವಚಿಕೊಂಡಳು.

“ನಾನೇನೂ ಕದ್ದಿಲ್ಲ ಅಂಕಲ್,” ಎಂದಳು. “ಇದು ನನ್ನದೇ ಚೀಲ. ನಮ್ಮಪ್ಪ ಇಲ್ಲೇ ಕೆಲಸ ಮಾಡೋದು. ಬೇಕಾದ್ರೆ ಫೋನ್ ಮಾಡಿ ಕೇಳಿ.”

“ಗುಬ್ಬೀ... ನಾನು ಕಣೇ...”

ಅವಳು ಇನ್ನೂ ಹಿಂದೆ ಸರಿದಳು. ಶಾಲೆಯಲ್ಲಿ ಕಲಿಸಿದ ಹಾಗೆ ನಿಂತು, ತಡವರಿಸದೆ ಹತ್ತೂ ಅಂಕಿ ಹೇಳಿದಳು. ಅವನ ನಂಬರೇ. ತಾತ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿದ.

“ಮಾಡಿ ಅಂಕಲ್. ಅಪ್ಪ ತಕ್ಷಣ ಬರ್ತಾರೆ.”

ಇನ್ನೊಂದು ಹೆಜ್ಜೆ ಅವನು ಮುಂದಿಟ್ಟರೆ ಕತ್ತಲ ರಸ್ತೆಗೆ ಓಡಿಬಿಡುತ್ತಿದ್ದಳು. ಅವನು ಇದ್ದಲ್ಲೇ ಕುಸಿದು ಕೂತ. ರಕ್ತ ಸುರಿಯುವ ಕೈಯಿಂದ ಫೋನು ತೆಗೆದು ಕಿವಿಗಿಟ್ಟುಕೊಂಡ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

“ಬರ್ತಿದ್ದಾರಂತೆ ಕಂದಾ,” ಎಂದ.

ಗುಬ್ಬಿ ಅವನಿಂದ ದೂರ, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಅಪ್ಪನ ದಾರಿ ನೋಡತೊಡಗಿದಳು.