ಹನ್ನೆರಡು ಸೆಂಟಿಮೀಟರ್ ಆಳದ ಸಂಕೇತ

ಇದು ಮೆಲ್ಬರ್ನ್‌ನ ನಮ್ಮ ಪ್ರಯೋಗಾಲಯದಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ನನ್ನ ಕಣ್ಣೆದುರೇ ನಡೆದದ್ದು. ಎದೆಯೊಳಗೆ ಕೂರಿಸುವ ಪುಟ್ಟ ಯಂತ್ರದ ರೇಡಿಯೋ ಸಂಕೇತ ಹನ್ನೆರಡು ಸೆಂಟಿಮೀಟರ್ ಮಾಂಸವನ್ನು ದಾಟಿ ಹೊರಬರುತ್ತದೆಯೇ ಎಂದು ನೋಡುತ್ತಿದ್ದೆವು. ಮಾಂಸದ ಬದಲು ಗಾಜಿನ ತೊಟ್ಟಿಯಲ್ಲಿ ಉಪ್ಪು, ಸಕ್ಕರೆ ಕರಗಿಸಿದ ನೀರು, ಅದರಲ್ಲಿ ಮುಳುಗಿಸಿದ ಯಂತ್ರ. ಸಂಕೇತವನ್ನು ಅದೂ ಹಾಗೆಯೇ ಹೀರುತ್ತದೆ. ಮಧ್ಯಾಹ್ನದೊಳಗೆ ಹತ್ತು ನಿಮಿಷದ ಸ್ಥಿರ ದಾಖಲೆ ಕೊಡದಿದ್ದರೆ ನಮ್ಮ ಯೋಜನೆ ಮುಚ್ಚುತ್ತಿತ್ತು.

"ಬಂತು ಕಣೋ ಲಾಕ್ಲನ್!" ಸಹೋದ್ಯೋಗಿ ಬ್ರಾನ್ವಿನ್ ಕಿರುಚಿದಳು. ನಾನು ಕುಣಿದೇಬಿಟ್ಟೆ.

"ಸೊಂಟ ಮುರ್ಕೋಬೇಡ, ಇಲ್ಲಿ ನೋಡು."

ಪರದೆಯ ಮೇಲೆ ಸಂಕೇತದ ಬಲ ತೋರಿಸುವ ಗೆರೆ ನಿಧಾನವಾಗಿ ಏರಿ ಇಳಿಯುತ್ತಿತ್ತು, ನಿಮಿಷಕ್ಕೆ ಹದಿನಾಲ್ಕು ಸಲ. ರೋಗಿಗಳ ಎದೆಯಿಂದ ಬರುವ ಸಂಕೇತವನ್ನು ಅಳೆಯುವಾಗ ಹೀಗಾಗುತ್ತದೆ, ಶ್ವಾಸಕೋಶ ತುಂಬಿ ಬರಿದಾಗುವುದರಿಂದ. ತೊಟ್ಟಿಯ ನೀರು ಅಲುಗಾಡುತ್ತಿರಲಿಲ್ಲ. ಗಾಜು ಮುಟ್ಟಿದರೆ ಬೆಚ್ಚಗಿತ್ತು. ನಾವು ಬಿಸಿ ಮಾಡಿರಲಿಲ್ಲ.

ಆಸ್ಪತ್ರೆಯ ಅಭ್ಯಾಸಬಲದಿಂದ ಬ್ರಾನ್ವಿನ್ ತೊಟ್ಟಿಗೇ ಹೇಳಿಬಿಟ್ಟಳು: "ಸ್ವಲ್ಪ ಉಸಿರು ಹಿಡ್ಕೊಳ್ಳಿ."

ಗೆರೆ ಅಲುಗದೆ ನಿಂತಿತು.

ನಮಗೆ ಬೇಕಾಗಿದ್ದದ್ದು ಅದೇ. ಒಂದು ನಿಮಿಷ, ಎರಡು. ಮೂರು ದಾಟಿದಾಗ ನನ್ನ ಕೈಯಡಿಯ ಗಾಜು ತಣ್ಣಗಾಗತೊಡಗಿತು.

"ಇನ್ನಾರೇ ನಿಮಿಷ ತಡ್ಕೊಳೇ," ಎಂದೆ.

"ನಿಂಗೇನು ಕರುಳಿಲ್ವೇನೋ?" ಎಂದವಳೇ ತೊಟ್ಟಿಯ ಮೇಲೆ ಬಾಗಿ ಕೂಗಿದಳು: "ಸಾಕು, ಉಸಿರಾಡಿ! ಉಸಿರಾಡಿ!"

ಗೆರೆ ಪರದೆಯ ತುದಿಯವರೆಗೆ ಒಮ್ಮೆಲೇ ಏರಿತು.

ಇನ್ನೊಮ್ಮೆ ಹಿಡಿದುಕೊಳ್ಳಲು ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಮಧ್ಯಾಹ್ನ ಯೋಜನೆ ಮುಚ್ಚಿತು. ದಾಖಲೆ ಮಾತ್ರ ನನ್ನ ಬಳಿಯಿದೆ: ಮೂರು ನಿಮಿಷ ನಲವತ್ತು ಸೆಕೆಂಡು ಅಲುಗದ ಗೆರೆ, ಆಮೇಲೆ, ಬಹಳ ಹೊತ್ತಿನವರೆಗೆ, ನಿಮಿಷಕ್ಕೆ ನಲವತ್ತು ಏರಿಳಿತ.